ನಿಂತ ಕಾರಿನ ಬ್ಯಾಟರಿ ಬರಿದಾಗುವುದೇಕೆ?

ಕೇಳುಗರೆಲ್ಲರಿಗೂ ನಮಸ್ಕಾರ.

ಮಂಗಳೂರು, ಉಡುಪಿ ಕಡೆಯ ಅನೇಕ ಮನೆಗಳಲ್ಲಿ ಕಾರು ಓಡುವುದಕ್ಕಿಂತ ನಿಂತಿರುವುದೇ ಹೆಚ್ಚು. ಮಕ್ಕಳು ಮುಂಬೈಯಲ್ಲೋ ಗಲ್ಫಿನಲ್ಲೋ ಇರುತ್ತಾರೆ. ಊರಿನಲ್ಲಿರುವ ಹಿರಿಯರು ಮದುವೆಗೋ ಮಣಿಪಾಲದ ಆಸ್ಪತ್ರೆಗೋ ಹೋಗಬೇಕಾದಾಗ ಮಾತ್ರ ಶೆಡ್ಡಿನ ಬಾಗಿಲು ತೆರೆಯುತ್ತಾರೆ. ಆಟಿ ತಿಂಗಳ ಜಡಿಮಳೆಯಲ್ಲಂತೂ ಅದೂ ಇಲ್ಲ. ಹಾಗೆ ನಿಂತ ಕಾರಿನ ಕೀಲಿ ತಿರುಗಿಸಿದಾಗ ಬರಿಯ ಕಟಕಟ ಸದ್ದು ಬಂದರೆ, ಬ್ಯಾಟರಿ ಹೋಯಿತೆಂದು ತೀರ್ಮಾನಿಸಿ ಹೊಸದನ್ನು ತರಿಸುವುದು ವಾಡಿಕೆ. ಕೆಲವು ದಿನಗಳಲ್ಲಿ ಹೊಸ ಬ್ಯಾಟರಿಯೂ ಮಲಗಿದಾಗ ಅಂಗಡಿಯವರ ಮೇಲೆ ಅನುಮಾನ ಮೂಡುತ್ತದೆ. ತಳ ಸೋರುವ ಕೊಡಪಾನಕ್ಕೆ ಎಷ್ಟು ನೀರು ಸೇದಿ ಸುರಿದರೂ ಅಷ್ಟೆ. ಸೋರಿಕೆಯನ್ನು ಅಳೆದು ನೋಡುವ ಮೊದಲು ಹೊಸ ಬ್ಯಾಟರಿಗೆ ಹಣ ಹಾಕಬೇಡಿ ಎಂಬುದು ನನ್ನ ವಿನಂತಿ.

ಕೀಲಿ ತೆಗೆದ ಮೇಲೂ ಕಾರು ಸ್ವಲ್ಪ ವಿದ್ಯುತ್ತನ್ನು ಬಳಸುತ್ತಲೇ ಇರುತ್ತದೆ. ಗಡಿಯಾರ, ಅಲಾರಂ, ರಿಮೋಟ್ ಕೀಲಿಯ ಸಂಕೇತಕ್ಕೆ ಕಾದಿರುವ ರಿಸೀವರ್ ಇವೆಲ್ಲ ಸೇರಿ ಸಾಮಾನ್ಯವಾಗಿ 20ರಿಂದ 50 ಮಿಲಿಆಂಪಿಯರ್ ಎಳೆಯುತ್ತವೆ (ಆಂಪಿಯರ್ ಎಂದರೆ ವಿದ್ಯುತ್ತಿನ ಹರಿವಿನ ಅಳತೆ, ಮಿಲಿಆಂಪಿಯರ್ ಅದರ ಸಾವಿರದ ಒಂದು ಪಾಲು). ಇದು ದೋಷವಲ್ಲ, ಆದರೂ 50 ಮಿಲಿಆಂಪಿಯರಿನಂತೆ ದಿನಕ್ಕೆ 1.2 ಆಂಪಿಯರ್ ಅವರ್ (ಒಂದು ಆಂಪಿಯರಿನಂತೆ ಒಂದು ಗಂಟೆ ಹರಿಯುವಷ್ಟು ವಿದ್ಯುತ್ತು ಒಂದು ಆಂಪಿಯರ್ ಅವರ್) ಖರ್ಚಾಗಿ, ಸಣ್ಣ ಕಾರಿನ 35 ಆಂಪಿಯರ್ ಅವರ್ ಬ್ಯಾಟರಿ ಸುಮಾರು ಎರಡು ವಾರಗಳಲ್ಲಿ ಅರ್ಧಕ್ಕಿಳಿಯುತ್ತದೆ. ಇನ್ನು ಡಿಕ್ಕಿಯಲ್ಲಿ 5 ವಾಟಿನ ಒಂದು ಬಲ್ಬು ಆರದೆ ಉಳಿದರೆ ಅದೊಂದೇ 400 ಮಿಲಿಆಂಪಿಯರಿನಷ್ಟು ಎಳೆದು ಎರಡು ದಿನ ತುಂಬುವುದರೊಳಗೆ ಅಷ್ಟೇ ನಷ್ಟ ಮಾಡುತ್ತದೆ. ಮೊಬೈಲಿನಲ್ಲಿ ವಿಡಿಯೋ ಹಚ್ಚಿ, ಅದನ್ನು ಡಿಕ್ಕಿಯೊಳಗಿಟ್ಟು ಮುಚ್ಚಿ, ಆಮೇಲೆ ನೋಡಿದರೆ ದೀಪ ಆರಿತೋ ಇಲ್ಲವೋ ಗೊತ್ತಾಗುತ್ತದೆ.

ಮೊದಲು ಬ್ಯಾಟರಿಯ ಆರೋಗ್ಯವನ್ನು ನೋಡಬೇಕು. ಪೂರ್ತಿ ಚಾರ್ಜಾಗಿ ಕೆಲವು ಗಂಟೆ ಸುಮ್ಮನಿದ್ದ ಬ್ಯಾಟರಿ, ವಿದ್ಯುತ್ತನ್ನು ಅಳೆಯುವ ಸಣ್ಣ ಉಪಕರಣವಾದ ಮಲ್ಟಿಮೀಟರಿನಲ್ಲಿ 12.6 ವೋಲ್ಟ್‌ನ ಆಸುಪಾಸು ತೋರಿಸಬೇಕು, 12.2 ಎಂದರೆ ಅರ್ಧ ಬರಿದಾಗಿದೆ ಎಂದರ್ಥ. ಕೇಬಲ್ ಜೋಡಿಸುವ ಲೋಹದ ಗುಬುಟಿನ, ಅಂದರೆ ಟರ್ಮಿನಲ್ಲಿನ, ಮೇಲೆ ಬಿಳಿಯ ಅಥವಾ ಹಸಿರು ಪುಡಿ ಕಟ್ಟಿದ್ದರೆ ತೆಗೆಯಿರಿ. ನಮ್ಮ ಉಪ್ಪುಗಾಳಿಯಲ್ಲಿ, ಅದರಲ್ಲೂ ಮಲ್ಪೆ, ಪಣಂಬೂರಿನಂತಹ ಕಡಲ ಬದಿಯಲ್ಲಿ, ಬ್ಯಾಟರಿಯ ಮೇಲ್ಮೈಯಲ್ಲಿ ಕೂತ ಒದ್ದೆ ಕೊಳೆಯ ಮೂಲಕವೂ ವಿದ್ಯುತ್ತು ಹರಿಯಬಲ್ಲುದು. ಮೀಟರಿನ ಕಪ್ಪು ಕಡ್ಡಿಯನ್ನು ನೆಗೆಟಿವ್ ಟರ್ಮಿನಲ್ಲಿಗಿಟ್ಟು, ಕೆಂಪು ಕಡ್ಡಿಯನ್ನು ಬ್ಯಾಟರಿಯ ಪ್ಲಾಸ್ಟಿಕ್ ಮೈಯ ಮೇಲೆ ಆಡಿಸಿದಾಗ ವೋಲ್ಟೇಜ್ ಕಾಣಿಸಿದರೆ, ಅಡುಗೆ ಸೋಡಾ ಕದಡಿದ ನೀರಿನಿಂದ ಒರಸಿ ಒಣಗಿಸಬೇಕು.

ಈಗ ಸೋರಿಕೆಯನ್ನು ಅಳೆಯುವ ಕ್ರಮ. ಎಲ್ಲ ದೀಪಗಳನ್ನು ಆರಿಸಿ, ರಿಮೋಟ್ ಕೀಲಿಯನ್ನು ಕಾರಿನಿಂದ ದೂರವಿಡಿ. ಮೀಟರನ್ನು 10 ಆಂಪಿಯರ್ ಡಿಸಿಗೆ ಹೊಂದಿಸಿ, ಕೆಂಪು ವಯರನ್ನು 10 ಆಂಪಿಯರ್ ಎಂದು ಬರೆದ ತೂತಿಗೆ ಬದಲಾಯಿಸಿ. ನೆಗೆಟಿವ್ ಕೇಬಲನ್ನು ಸಡಿಲಿಸಿ ತೆಗೆದು, ಆ ಕೇಬಲಿಗೂ ಬ್ಯಾಟರಿಯ ನೆಗೆಟಿವ್ ಟರ್ಮಿನಲ್ಲಿಗೂ ನಡುವೆ ಮೀಟರನ್ನು ಜೋಡಿಸಬೇಕು. ಮೀಟರ್ ಹೀಗಿರುವಾಗ ಸೆಲ್ಫ್ ಹೊಡೆಯಲೇಬಾರದು. ಸ್ಟಾರ್ಟರ್ ಎಳೆಯುವ ನೂರಾರು ಆಂಪಿಯರನ್ನು ಅದು ತಾಳಲಾರದು. ಕೇಬಲ್ ಮುಟ್ಟಿಸಿ ಕಿಡಿ ನೋಡಿ ಸೋರಿಕೆಯನ್ನು ಅಂದಾಜು ಮಾಡುವವರಿದ್ದಾರೆ. ಸರಿಯಿರುವ ಕಾರಿನಲ್ಲೂ ಕಿಡಿ ಹಾರುವುದರಿಂದ ಆ ಪರೀಕ್ಷೆಯನ್ನು ನಾನು ಒಪ್ಪುವುದಿಲ್ಲ.

ಹೆಚ್ಚಿನವರು ಎಡವುವುದು ಇದರ ಮುಂದಿನ ಹೆಜ್ಜೆಯಲ್ಲಿ. ಮೀಟರ್ ಜೋಡಿಸಿದ ಕೂಡಲೇ ಒಂದೆರಡು ಆಂಪಿಯರ್ ಕಂಡರೆ ಗಾಬರಿಯಾಗಬೇಕಾಗಿಲ್ಲ. ಕಾರಿನೊಳಗಿನ ಕಂಪ್ಯೂಟರುಗಳು ನಿದ್ರೆಗೆ ಜಾರಲು ಕೆಲವು ಮಾದರಿಗಳಲ್ಲಿ ಹತ್ತು ನಿಮಿಷ, ಕೆಲವದರಲ್ಲಿ ಅರ್ಧ ಗಂಟೆಗೂ ಹೆಚ್ಚು ಹಿಡಿಯುತ್ತದೆ. ನಡುವೆ ಬಾಗಿಲು ತೆರೆದರೆ ಅವು ಮತ್ತೆ ಎಚ್ಚರಗೊಳ್ಳುತ್ತವೆ. ಆದ್ದರಿಂದ ಒಳಗಿನ ಫ್ಯೂಸ್ ಬಾಕ್ಸಿನ ಮುಚ್ಚಳವನ್ನು ಮೊದಲೇ ತೆಗೆದು, ಬಾಗಿಲು ತೆರೆದಿರುವಾಗಲೇ ಅದರ ಲಾಚನ್ನು ಸ್ಕ್ರೂಡ್ರೈವರಿನಿಂದ ಒತ್ತಿ ಬಾಗಿಲು ಮುಚ್ಚಿದೆಯೆಂದು ಕಾರು ಭಾವಿಸುವಂತೆ ಮಾಡಿ, ಒಂದು ಗಂಟೆ ಬಿಟ್ಟು ಬನ್ನಿ. ಆಗಲೂ 50 ಮಿಲಿಆಂಪಿಯರಿಗಿಂತ ಬಹಳ ಹೆಚ್ಚು ಕಂಡರೆ ಸೋರಿಕೆ ನಿಜ.

ಅನಂತರ ಫ್ಯೂಸುಗಳನ್ನು ಒಂದೊಂದಾಗಿ ಕಿತ್ತು, ಯಾವುದನ್ನು ತೆಗೆದಾಗ ಮೀಟರ್ ಇಳಿಯಿತೆಂದು ನೋಡುವುದು ಹಳೆಯ ಕ್ರಮ. ಹೊಸ ಕಾರುಗಳಲ್ಲಿ ಫ್ಯೂಸನ್ನು ಕಿತ್ತು ಮರಳಿ ಕೂರಿಸಿದರೆ ಮಲಗಿದ ಕಂಪ್ಯೂಟರ್ ಎದ್ದುಬಿಡುವ ಕಾರಣ, ನನಗೆ ಇನ್ನೊಂದು ದಾರಿ ಮೇಲೆನಿಸುತ್ತದೆ. ಫ್ಯೂಸಿನ ನೆತ್ತಿಯಲ್ಲಿ ಕಾಣುವ ಎರಡು ಲೋಹದ ಚುಕ್ಕೆಗಳಿಗೆ ಮಿಲಿವೋಲ್ಟಿನಲ್ಲಿಟ್ಟ ಮೀಟರಿನ ಕಡ್ಡಿಗಳನ್ನು ಮುಟ್ಟಿಸಿದರೆ, ಸೊನ್ನೆಯಲ್ಲದ ಅಂಕಿ ಕಂಡಲ್ಲಿ ವಿದ್ಯುತ್ತು ಹರಿಯುತ್ತಿದೆ ಎಂದು ತಿಳಿಯುತ್ತದೆ. ಇದಕ್ಕೆ ಮೀಟರಿನ ಕೆಂಪು ವಯರನ್ನು ಮರಳಿ ವೋಲ್ಟಿನ ತೂತಿಗೆ ಹಾಕಿ, ಕೇಬಲನ್ನು ಮೊದಲಿನಂತೆ ಬಿಗಿದು, ಕಾರನ್ನು ಮತ್ತೊಮ್ಮೆ ಮಲಗಲು ಬಿಡಬೇಕು.

ಕಾರು ಕೊಂಡ ಮೇಲೆ ಹೊರಗಿನ ಅಂಗಡಿಯಲ್ಲಿ ಹಾಕಿಸಿದ ಸ್ಟೀರಿಯೋ, ಡ್ಯಾಶ್ ಕ್ಯಾಮೆರಾ, ಜಿಪಿಎಸ್ ಟ್ರ್ಯಾಕರುಗಳನ್ನು ನಾನು ಮೊದಲು ಸಂದೇಹಿಸುತ್ತೇನೆ. ಕೀಲಿ ತೆಗೆದರೂ ಆರದಂತೆ ಅವುಗಳ ವಯರನ್ನು ನೇರವಾಗಿ ಬ್ಯಾಟರಿಗೆ ಕೊಟ್ಟಿರುವುದು ಉಂಟು. ಅಂಟಿಕೊಂಡ ರಿಲೇ (ವಿದ್ಯುತ್ತಿನಿಂದಲೇ ನಡೆಯುವ ಸ್ವಿಚ್ಚು), ಮಳೆಗಾಲದಲ್ಲಿ ಬಾನೆಟ್ಟಿನೊಳಗೆ ಸೇರಿದ ಇಲಿ ಕಚ್ಚಿದ ವಯರುಗಳೂ ಕಾರಣವಾಗಬಹುದು. ಯಾವ ಫ್ಯೂಸಿನಲ್ಲೂ ಸುಳಿವು ಸಿಗದಿದ್ದರೆ, ಎಂಜಿನ್ ಓಡುವಾಗ ಬ್ಯಾಟರಿಯನ್ನು ಚಾರ್ಜ್ ಮಾಡುವ ಆಲ್ಟರ್ನೇಟರನ್ನು ನೋಡಬೇಕು. ವಿದ್ಯುತ್ತನ್ನು ಒಂದೇ ದಿಕ್ಕಿಗೆ ಬಿಡುವ ಅದರ ಡಯೋಡ್ ಕೆಟ್ಟರೆ ಬ್ಯಾಟರಿಯ ವಿದ್ಯುತ್ತು ದಪ್ಪ ಕೇಬಲಿನ ಮೂಲಕವೇ ಹಿಮ್ಮುಖವಾಗಿ ಹರಿಯುತ್ತದೆ. ನೆಗೆಟಿವ್ ಕೇಬಲ್ ಕಳಚಿ, ಆಲ್ಟರ್ನೇಟರಿನ ದಪ್ಪ ಕೇಬಲನ್ನು ಬಿಚ್ಚಿ ಅದರ ತುದಿಗೆ ಇನ್ಸುಲೇಶನ್ ಟೇಪ್ ಸುತ್ತಿ ಮತ್ತೆ ಅಳೆದಾಗ ಸೋರಿಕೆ ನಿಂತಿದ್ದರೆ ದೋಷ ಅಲ್ಲಿಯೇ ಇದೆ. ಇಷ್ಟಾದ ಮೇಲೆ ಆಟೋ ಎಲೆಕ್ಟ್ರಿಷಿಯನ್ ಬಳಿ ಹೋಗುವಾಗ ಫ್ಯೂಸಿನ ನಂಬರನ್ನೂ ಮೀಟರಿನ ಅಂಕಿಯನ್ನೂ ಚೀಟಿಯಲ್ಲಿ ಬರೆದುಕೊಂಡು ಹೋಗಿ. ಅವರ ಅರ್ಧ ದಿನದ ಹುಡುಕಾಟವೂ ನಿಮ್ಮ ಖರ್ಚೂ ಉಳಿಯುತ್ತವೆ.

ನಮಸ್ಕಾರ.