ಬೀಜದೊಳಗಿನ ಎರಡು ಚೀಟಿ

ಎಲ್ಲರಿಗೂ ನಮಸ್ಕಾರ. ಕುಷ್ಟಗಿಯಲ್ಲಿ ನಿಂತು ಅನುವಂಶೀಯತೆ ಬಗ್ಗೆ ಮಾತಾಡಲು ನನಗೆ ಸ್ವಲ್ಪ ಸಂಕೋಚ. ಯಾಕಂದ್ರೆ ಈ ಕೆಲಸ ನನಗಿಂತ ಚೆನ್ನಾಗಿ ಬಲ್ಲವರು ಹಿಂದಿನ ಸಾಲಿನಲ್ಲಿ ಕೂತಿದ್ದಾರೆ. ಬೀಜದ ಪ್ಲಾಟಿನಲ್ಲಿ ಕ್ರಾಸಿಂಗ್ ಮಾಡುವ ಅಕ್ಕಂದಿರು.

ನೋಡದ ವಿದ್ಯಾರ್ಥಿಗಳಿಗೆ ಹೇಳುತ್ತೇನೆ. ಹತ್ತಿಯ ಹೆಣ್ಣು ಸಾಲಿನಲ್ಲಿ ನಾಳೆ ಅರಳುವ ಮೊಗ್ಗನ್ನು ಇವತ್ತು ಸಂಜೆಯೇ ಹುಡುಕಬೇಕು. ಹೆಬ್ಬೆರಳಿನ ಉಗುರಿನಿಂದ ದಳವನ್ನೂ ಕೇಸರಗಳನ್ನೂ ಸುಲಿದು ತೆಗೆಯಬೇಕು. ನಡುವಿನ ಕಡ್ಡಿಗೆ ಉಗುರು ತಾಗಿದರೆ ಮೊಗ್ಗು ಹೋಯಿತು. ಮರುದಿನ ಬೆಳಿಗ್ಗೆ ಗಂಡು ಸಾಲಿನ ಹೂ ತಂದು ಆ ಕಡ್ಡಿಯ ತುದಿಗೆ ಸವರಬೇಕು. ಒಂದೊಂದೇ ಹೂ. ಕೇಸರ ಉಳಿಯಿತೋ, ಹೂ ತನ್ನ ಪರಾಗದಿಂದಲೇ ಬೀಜ ಕಟ್ಟಿಬಿಡುತ್ತದೆ.

ಗ್ರೆಗರ್ ಮೆಂಡಲ್ ಅನ್ನುವ ಪಾದ್ರಿ 1856ರಿಂದ ಯುರೋಪಿನ ಬ್ರನೋ ಊರಿನ ಮಠದ ಹಿತ್ತಲಲ್ಲಿ ಮಾಡಿದ್ದೂ ಇದನ್ನೇ. ಅವರದು ಬಟಾಣಿ ಗಿಡ. ದುಂಡು ಕಾಳಿನ ಗಿಡಕ್ಕೂ ಸುಕ್ಕು ಕಾಳಿನ ಗಿಡಕ್ಕೂ ಕ್ರಾಸ್ ಮಾಡಿದರು. ಬಂದದ್ದೆಲ್ಲ ದುಂಡು. ಸುಕ್ಕು ಮಾಯ! ನಾನಾಗಿದ್ದರೆ ಅಲ್ಲಿಗೇ ಬಿಡುತ್ತಿದ್ದೆ. ಅವರು ಆ ದುಂಡು ಕಾಳನ್ನೇ ಬಿತ್ತಿ, ಬಂದ ಕಾಳನ್ನು ಕೂತು ಎಣಿಸಿದರು. ಒಟ್ಟು 7,324. ಅದರಲ್ಲಿ 5,474 ದುಂಡು, 1,850 ಸುಕ್ಕು. ಹೆಚ್ಚುಕಡಿಮೆ ನಾಲ್ಕಕ್ಕೆ ಒಂದು. 1866ರಲ್ಲಿ ಅಚ್ಚಾದ ಈ ಲೆಕ್ಕವನ್ನು 1900ರವರೆಗೆ ಯಾರೂ ಅಷ್ಟಾಗಿ ಕಿವಿಗೆ ಹಾಕಿಕೊಳ್ಳಲಿಲ್ಲ. ಅಷ್ಟೊತ್ತಿಗೆ ಮೆಂಡಲ್ ತೀರಿಕೊಂಡು 16 ವರ್ಷ ಆಗಿತ್ತು.

ನಾಲ್ಕಕ್ಕೆ ಒಂದು ಹೇಗೆ ಬಂತು? ಒಂದು ಗುಣಕ್ಕೆ ಎರಡು ಚೀಟಿ ಅಂದುಕೊಳ್ಳಿ. ತಾಯಿಯದೊಂದು, ತಂದೆಯದೊಂದು. ಮಗುವಿಗೆ ಕೊಡುವಾಗ ಎರಡರಲ್ಲಿ ಒಂದೇ. ಯಾವುದು ಅನ್ನುವುದು ಕಣ್ಣು ಮುಚ್ಚಿ ಎತ್ತಿದ ಹಾಗೆ. ಎರಡೂ ಕಡೆಯಿಂದ ಸುಕ್ಕು ಚೀಟಿಯೇ ಬಂದರೆ ಮಾತ್ರ ಕಾಳು ಸುಕ್ಕಾಗುತ್ತದೆ. ಒಂದು ದುಂಡು ಚೀಟಿ ಇದ್ದರೂ ಸಾಕು, ಕಾಳು ದುಂಡೇ. ನಮ್ಮ ಪಠ್ಯದಲ್ಲಿ ಸುಕ್ಕಿನಂಥದ್ದಕ್ಕೆ 'ದುರ್ಬಲ ಗುಣ' ಅನ್ನುತ್ತಾರೆ. ನನಗೆ ಆ ಹೆಸರು ಹಿಡಿಸುವುದಿಲ್ಲ. ಅದು ದುರ್ಬಲ ಅಲ್ಲ, ಬಾಯಿ ಮುಚ್ಚಿಕೊಂಡು ಕೂತಿದೆ, ಅಷ್ಟೇ.

ನಮ್ಮಪ್ಪನಿಗೆ ಇದು ಹೊಲದಲ್ಲೇ ಗೊತ್ತಾಯಿತು. 1972ರಲ್ಲಿ ಧಾರವಾಡದಿಂದ ವರಲಕ್ಷ್ಮಿ ಅನ್ನುವ ಹೈಬ್ರಿಡ್ ಹತ್ತಿ ಬಂತಲ್ಲ, ಅದರ ತಾಯಿ ಲಕ್ಷ್ಮಿ ಅನ್ನುವ ತಳಿ. ತಂದೆ ಉದ್ದ ಎಳೆಯ ಬೇರೆಯೇ ಜಾತಿಯ ಹತ್ತಿ. ಅಪ್ಪ ಒಂದು ವರ್ಷ ಬೆಳೆದರು, ಇಳುವರಿ ಚೆನ್ನಾಗಿ ಬಂತು. ಬೀಜಕ್ಕೆ ಮತ್ತೆ ಯಾಕೆ ದುಡ್ಡು ಅಂತ ಹತ್ತಿ ಬಿಡಿಸುವ ಜಿನ್ನಿನಿಂದ ಹತ್ತಿಕಾಳು ತಂದು, ಸಗಣಿ ಹಚ್ಚಿ ಒಣಗಿಸಿ ಬಿತ್ತಿದರು. ಒಂದು ಗಿಡ ಎದೆಮಟ್ಟ, ಪಕ್ಕದ್ದು ಮೊಣಕಾಲು. ಒಂದರಲ್ಲಿ ಕಾಯಿ ತುಂಬಿದೆ, ಇನ್ನೊಂದರಲ್ಲಿ ಬರೀ ಎಲೆ. ಹಿಂದಿನ ವರ್ಷ ಬೀಜ ಕೊಟ್ಟ ಅಂಗಡಿಯವನನ್ನು ಅಪ್ಪ ಬಾಯಿಗೆ ಬಂದ ಹಾಗೆ ಬೈದರು. ಪಾಪ, ಅವನ ತಪ್ಪೇನಿರಲಿಲ್ಲ. ಮೆಂಡಲ್ ಆ ಎಣಿಕೆಯಲ್ಲಿ ಹಿಡಿದದ್ದು ಒಂದೇ ಗುಣ. ಹೈಬ್ರಿಡ್ ಹತ್ತಿಯಲ್ಲಿ ಎತ್ತರ, ಕಾಯಿ, ಎಳೆ, ರೋಗ ತಡೆಯುವ ಶಕ್ತಿ ಎಲ್ಲದರ ಚೀಟಿಗಳೂ ಬೇರೆಬೇರೆಯಾಗಿ ಜೋಡಿ ಕಟ್ಟಿರುತ್ತವೆ. ಮರುವರ್ಷ ಬಿತ್ತಿದರೆ ಎಲ್ಲವೂ ಒಟ್ಟಿಗೆ ಕಲೆಸಿಹೋಗುತ್ತವೆ.

ಮನುಷ್ಯರಲ್ಲಿ ಈ ಚೀಟಿಗಳು 23 ಜೋಡಿ ವರ್ಣತಂತುಗಳ ಮೇಲೆ, ಅಂದ್ರೆ ಜೀವಕೋಶದೊಳಗಿನ ದಾರದಂಥ ಎಳೆಗಳ ಮೇಲೆ ಕೂತಿವೆ. ಪ್ರತಿ ಜೋಡಿಯಿಂದ ಒಂದು ಆರಿಸಿದರೆ ಎಷ್ಟು ಬಗೆ ಆಗುತ್ತದೆ ಗೊತ್ತೇ? 83,88,608. ಹತ್ತಿರ ಹತ್ತಿರ ಎಂಬತ್ತನಾಲ್ಕು ಲಕ್ಷ! ಎಂಬತ್ತನಾಲ್ಕು ಲಕ್ಷ ಜೀವರಾಶಿ ನೆನಪಾಯಿತು ಅಲ್ವಾ? ಸುಮ್ನೆ ಕಾಕತಾಳೀಯ, ದಯವಿಟ್ಟು ವಾಟ್ಸಾಪಿನಲ್ಲಿ ಹಾಕಬೇಡಿ. ಇದು ತಾಯಿಯ ಕಡೆಯ ಲೆಕ್ಕ ಮಾತ್ರ. ತಂದೆಯ ಕಡೆಯೂ ಇಷ್ಟೇ. ಇದರ ಮೇಲೆ ವರ್ಣತಂತುಗಳು ತುಂಡು ಅದಲುಬದಲು ಮಾಡಿಕೊಳ್ಳುತ್ತವೆ. ಆಗೊಮ್ಮೆ ಈಗೊಮ್ಮೆ, ಚೀಟಿಯ ಬರಹವಿರುವ ಡಿಎನ್‌ಎ ನಕಲಾಗುವಾಗ ಅಕ್ಷರ ತಪ್ಪಿ ಹೊಸ ಚೀಟಿಯೇ ಹುಟ್ಟುತ್ತದೆ. ಒಂದೇ ಹೊಟ್ಟೆಯ ಅಣ್ಣತಮ್ಮಂದಿರು ಒಂದೇ ಥರ ಇರದಿದ್ದರೆ ಅಚ್ಚರಿಯಿಲ್ಲ.

ಇನ್ನೊಂದು ಮಾತು. ಹಿರಿಯರು ಬೇಸರ ಮಾಡಿಕೊಳ್ಳಬಾರದು. ನಮ್ಮ ಕಡೆ ಅಕ್ಕನ ಮಗಳನ್ನು ತಂದುಕೊಳ್ಳುವುದು ಹಳೇ ರೂಢಿ. ಆಸ್ತಿ ಹೊರಗೆ ಹೋಗಲ್ಲ, ಹುಡುಗಿಯೂ ಗೊತ್ತಿದ್ದವಳು. ಆದರೆ ಸೋದರಮಾವನಿಗೂ ಸೊಸೆಗೂ ಸರಾಸರಿ ಕಾಲು ಭಾಗ ಚೀಟಿ ಒಂದೇ. ಬಾಯಿ ಮುಚ್ಚಿ ಕೂತ ಕೆಟ್ಟ ಚೀಟಿ ಇಬ್ಬರಲ್ಲೂ ಇರುವ ಸಂಭವ ಜಾಸ್ತಿ. ಥಲಸ್ಸೀಮಿಯಾ ಹೀಗೇ ಬರುವ ರಕ್ತದ ರೋಗ. ಒಂದು ಚೀಟಿ ಇದ್ದವರು ಆರಾಮಾಗಿ ಹೊಲದಲ್ಲಿ ದುಡಿಯುತ್ತಾರೆ. ಎರಡೂ ಬಂದ ಮಗುವಿಗೆ, ರೋಗ ಜೋರಾಗಿದ್ದರೆ, ಎರಡು ನಾಲ್ಕು ವಾರಕ್ಕೊಮ್ಮೆ ರಕ್ತ ಏರಿಸಬೇಕು. ಎಲ್ಲ ಸೋದರಿಕೆ ಮದುವೆಯಲ್ಲೂ ಹೀಗಾಗುತ್ತದೆ ಅಂತಲ್ಲ. ಹೊರಗಿನ ಸಂಬಂಧದಲ್ಲೂ ಆಗುವುದುಂಟು.

ಗಂಡ ಹೆಂಡತಿ ಇಬ್ಬರಲ್ಲೂ ಆ ಚೀಟಿ ಒಂದೊಂದಿದ್ದರೆ, ಮಗುವಿಗೆ ಎರಡೂ ಬರುವ ಸಂಭವ ಬಟಾಣಿಯ ಹಾಗೇ ನಾಲ್ಕಕ್ಕೆ ಒಂದು. ಇಲ್ಲೊಂದು ತಪ್ಪು ತಿಳಿವಳಿಕೆ ನಾನು ಬಹಳ ಸಲ ಕೇಳಿದ್ದೇನೆ. 'ನಾಲ್ಕಕ್ಕೆ ಒಂದು ಅಂದ್ರಲ್ಲ ಸರ್, ಮೊದಲನೇದಕ್ಕೆ ಬಂದಾಯ್ತು, ಇನ್ನು ಮೂರಕ್ಕೆ ಚಿಂತೆಯಿಲ್ಲ.' ಹಾಗಲ್ಲ. ಪ್ರತಿ ಬಸಿರಿಗೂ ಚೀಟಿ ಹೊಸದಾಗಿ ಎತ್ತುತ್ತಾರೆ, ಹಿಂದಿನ ಸಲ ಏನು ಬಂತು ಅನ್ನುವುದು ಚೀಟಿಗೆ ನೆನಪಿರಲ್ಲ. ಥಲಸ್ಸೀಮಿಯಾ ಚೀಟಿ ಹೊತ್ತವರು ಯಾರು ಅಂತ ರಕ್ತ ಪರೀಕ್ಷೆಯಿಂದ ಮದುವೆಗೆ ಮುಂಚೆಯೇ ತಿಳಿಯಬಹುದು.

ಈಗ ಪ್ರಶ್ನೆ ಕೇಳಿ. ಸಂಜೆ ಮೊಗ್ಗು ಬಿಡಿಸಲು ಅಕ್ಕಂದಿರು ಹೊಲಕ್ಕೆ ಹೋಗಬೇಕಂತೆ. ಮೊದಲು ಅವರದು.