ಮೊದಲು ಶಾಲೆ, ಆಮೇಲೆ ಮನೆ

ಕೇಳುಗರೆಲ್ಲರಿಗೂ ನಮಸ್ಕಾರ.

ದುಬೈಯಲ್ಲಿ ಕೆಲಸ ಸಿಕ್ಕಿತು ಅಂದ ಕೂಡಲೇ ಮನೆಯಲ್ಲಿ ಯಾವ ಮಾತು ಶುರುವಾಗುತ್ತದೆ? ಸಂಬಳ ಎಷ್ಟು, ಬಾಡಿಗೆ ಎಷ್ಟು, ಉಪ್ಪಿನಕಾಯಿ ಎಷ್ಟು ಕಿಲೋ ಒಯ್ಯಬಹುದು. ನಮ್ಮಲ್ಲೂ ಹಾಗೇ ಆಯಿತು. ಮಗಳ ಶಾಲೆ ವಿಷಯ ಬಂದಾಗ ನಾನೇ ಧೈರ್ಯ ಹೇಳಿದೆ, "ಅಲ್ಲಿ ಇಂಡಿಯನ್ ಸ್ಕೂಲ್ ಬೇಕಾದಷ್ಟಿವೆ. ಹೋದ ಮೇಲೆ ನೋಡಿಕೊಂಡರಾಯಿತು."

ನಾವು ಹೋದದ್ದು ನವೆಂಬರಿನಲ್ಲಿ. ಮಗಳು ಇಲ್ಲಿ 4ನೇ ಕ್ಲಾಸಿನ ನಡುವಿನಲ್ಲಿದ್ದಳು. ಮೊದಲು ಮನೆ ಹಿಡಿದೆವು. ಅಲ್ಲಿ ಬಾಡಿಗೆ ಕರಾರು ಸಾಮಾನ್ಯವಾಗಿ ಒಂದು ವರ್ಷದ್ದು. ಮುಂದಿನ ತಾರೀಕಿನ ಚೆಕ್‌ಗಳನ್ನು ಮೊದಲೇ ಬರೆದು ಕೊಡಬೇಕು. ಕೊಟ್ಟೆವು. ಆಮೇಲೆ ಶಾಲೆ ಹುಡುಕಲು ಹೊರಟೆವು. ಹತ್ತಿರದ ಶಾಲೆಯವರು ವೇಟಿಂಗ್ ಲಿಸ್ಟಿನಲ್ಲಿ ಹೆಸರು ಬರೆದುಕೊಂಡು ಕಳಿಸಿದರು. ಕಡೆಗೆ ಸೀಟು ಸಿಕ್ಕಿದ್ದು ಊರಿನ ಇನ್ನೊಂದು ತುದಿಯಲ್ಲಿ. ಬಸ್ಸು ಬೆಳಿಗ್ಗೆ ಐದೂಮುಕ್ಕಾಲಿಗೆ. ಮಗು ಕಣ್ಣು ಮುಚ್ಚಿಕೊಂಡೇ ಇಡ್ಲಿ ತಿನ್ನುತ್ತಿದ್ದಳು.

ಅದಕ್ಕೇ ಹೇಳುತ್ತಿದ್ದೇನೆ. ಹೋಗುವ ತಿಂಗಳು ಗೊತ್ತಾದ ದಿನವೇ ಶಾಲೆಗಳಿಗೆ ಇಮೇಲ್ ಹಾಕಲು ಶುರು ಮಾಡಿ. ಸೀಟು ಖಚಿತವಾದ ಮೇಲೆ ಅದರ ಸುತ್ತಮುತ್ತ ಮನೆ ನೋಡಿ. ಎಷ್ಟೋ ಕನ್ನಡಿಗರು ಬಾಡಿಗೆ ಕಡಿಮೆ ಅಂತ ಪಕ್ಕದ ಶಾರ್ಜಾದಲ್ಲಿ ಮನೆ ಮಾಡುತ್ತಾರೆ. ಅಪ್ಪ ಅಮ್ಮ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡರೆ ಅದು ಅವರ ಆಯ್ಕೆ. ಮಗುವನ್ನು ಯಾಕೆ ಅದಕ್ಕೆ ಎಳೆಯಬೇಕು, ಅಲ್ವಾ?

ಕ್ಯಾಲೆಂಡರಿನದು ಇನ್ನೊಂದು ಕಥೆ. ದುಬೈಯ ಭಾರತೀಯ ಶಾಲೆಗಳು ಏಪ್ರಿಲಿನಲ್ಲಿ ಶುರುವಾಗುತ್ತವೆ. ಬ್ರಿಟಿಷ್, ಅಮೆರಿಕನ್ ಶಾಲೆಗಳು, ಐಬಿ ಎಂಬ ಅಂತರರಾಷ್ಟ್ರೀಯ ಸಿಲಬಸ್ಸಿನ ಶಾಲೆಗಳು ಆಗಸ್ಟ್ ಕೊನೆಗೆ. ನಮ್ಮ ಸ್ಟೇಟ್ ಸಿಲಬಸ್ ಶಾಲೆಗಳು ಜೂನ್ ಹೊತ್ತಿಗೆ. ಇಲ್ಲಿ ಬೇಸಿಗೆ ರಜೆ ಮುಗಿಸಿಕೊಂಡು ಜೂನಿನಲ್ಲಿ ಆರಾಮಾಗಿ ಹೋದಿರಿ ಅನ್ನಿ. ಅಲ್ಲಿ ಎರಡು ತಿಂಗಳ ಪಾಠ ಆಗಿಹೋಗಿರುತ್ತದೆ. ಮಗು ಬ್ಯಾಗು ಇಳಿಸುವಷ್ಟರಲ್ಲಿ ಜುಲೈ-ಆಗಸ್ಟಿನ ರಜೆ! ಭಾರತೀಯ ಶಾಲೆಗೆ ಸೇರಿಸುವುದಾದರೆ ಮಾರ್ಚ್ ಕೊನೆಗೆ ಅಲ್ಲಿರುವುದು ಒಳ್ಳೆಯದು. ಬ್ರಿಟಿಷ್ ಶಾಲೆಗಾದರೆ ತರಗತಿ ಹೆಸರಿನ ಗೊಂದಲವೂ ಉಂಟು. ನಮ್ಮ 4ನೇ ಕ್ಲಾಸು ಅವರ ಇಯರ್ 5. ಮಗು ಒಂದು ಕ್ಲಾಸು ಜಿಗಿಯಿತು ಅಂತ ಊರಿಗೆ ಫೋನ್ ಮಾಡಿ ಹೇಳಿಬಿಡಬೇಡಿ.

ಶಾಲೆ ಹೇಗಿದೆ ಅಂತ ತಿಳಿಯಲು ಪರಿಚಯದವರ ಮಾತೊಂದನ್ನೇ ನಂಬಬೇಕಾಗಿಲ್ಲ. ದುಬೈಯ ಖಾಸಗಿ ಶಾಲೆಗಳ ಮೇಲೆ ಕೆಎಚ್‌ಡಿಎ ಎಂಬ ಸರ್ಕಾರಿ ಸಂಸ್ಥೆಯ ಕಣ್ಣಿದೆ. ಅದರ ತಪಾಸಣೆ ವರದಿಗಳನ್ನು ಯಾರು ಬೇಕಾದರೂ ಓದಬಹುದು. 'ಔಟ್‌ಸ್ಟ್ಯಾಂಡಿಂಗ್'ನಿಂದ 'ವೆರಿ ವೀಕ್' ತನಕ ಆರು ದರ್ಜೆಗಳಿವೆ. ದರ್ಜೆ ನೋಡಿ, ಆದರೆ ಅಲ್ಲಿಗೇ ನಿಲ್ಲಬೇಡಿ. ವರದಿ ಯಾವ ವರ್ಷದ್ದು, ಕಲಿಕೆಯಲ್ಲಿ ಹಿಂದುಳಿದ ಮಕ್ಕಳಿಗೆ ಅಲ್ಲಿ ಏನು ಮಾಡುತ್ತಾರೆ, ಅದನ್ನು ಓದಿ. ಫೀಸಿನ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಭಾರತೀಯ ಶಾಲೆಗಳದ್ದು ಬ್ರಿಟಿಷ್ ಶಾಲೆಗಳಿಗಿಂತ ಎಷ್ಟೋ ಕಡಿಮೆ. ಬಸ್ಸಿನ ದುಡ್ಡು ಬೇರೆ. ಕಂಪನಿಯವರು ಶಾಲೆ ಭತ್ಯೆ ಕೊಡುತ್ತಾರೋ ಅಂತ ಆಫರ್ ಲೆಟರಿಗೆ ಸಹಿ ಹಾಕುವ ಮೊದಲೇ ಕೇಳಿ. ಆಮೇಲೆ ಕೇಳಿದರೆ ಸುಮ್ನೆ ನಗುತ್ತಾರೆ.

ನನ್ನ ಮಗಳಿಗೆ ನಿಜವಾದ ಏಟು ಬಿದ್ದದ್ದು ಎಲ್ಲಿ ಗೊತ್ತೆ? ಗಣಿತದಲ್ಲಲ್ಲ, ಇಂಗ್ಲಿಷಿನಲ್ಲೂ ಅಲ್ಲ. ಹಿಂದಿಯಲ್ಲಿ. ಇಲ್ಲಿ ಅವಳು ಓದುತ್ತಿದ್ದ ಶಾಲೆಯಲ್ಲಿ ಹಿಂದಿ ಬರುವುದು 6ನೇ ಕ್ಲಾಸಿಗೆ. ಅಲ್ಲಿಯ ಸಿಬಿಎಸ್‌ಇ ಶಾಲೆಯಲ್ಲಿ ಜೊತೆಯ ಮಕ್ಕಳು ಆಗಲೇ ಹಿಂದಿಯಲ್ಲಿ ಪ್ರಬಂಧ ಬರೆಯುತ್ತಿದ್ದರು. ಇವಳು 'ಕ, ಖ, ಗ' ತಿದ್ದುತ್ತಿದ್ದಳು. ಕನ್ನಡ ತೆಗೆದುಕೊಳ್ಳೋಣ ಅಂದರೆ ಆ ಶಾಲೆಯಲ್ಲಿ ಕನ್ನಡವೇ ಇರಲಿಲ್ಲ. ಅರಬ್ಬಿಯೂ ಕಡ್ಡಾಯ. ತಮಾಷೆ ಏನೆಂದರೆ, ಅರಬ್ಬಿ ಅವಳಿಗೆ ಹಿಡಿಸಿತು. ಬಲದಿಂದ ಎಡಕ್ಕೆ ಬರೆಯುವುದು ಆಟದ ಹಾಗೆ ಕಂಡಿತು. ಕನ್ನಡಕ್ಕೆ ಅಲ್ಲಿಯ ಕನ್ನಡಿಗರೇ ನಡೆಸುವ ಕನ್ನಡ ಪಾಠಶಾಲೆ ಇದೆ. ಅದು ಶೋಕಿಗಲ್ಲ. ನಾಳೆ ವಾಪಸ್ ಬಂದರೆ ಇಲ್ಲಿಯ ಶಾಲೆಗಳಲ್ಲಿ ಕನ್ನಡ ಕಲಿಯಬೇಕು ಅಂತ 2015ರ ಕಾಯ್ದೆಯೇ ಇದೆ.

ವಾಪಸ್ ಬರುವ ಮಾತು ಬಂತಲ್ಲ, ಅಲ್ಲೊಂದು ಲೆಕ್ಕ ಇದೆ. ಬಹಳ ಜನರಿಗೆ ಅದು ತಡವಾಗಿ ನೆನಪಾಗುತ್ತದೆ. ಕರ್ನಾಟಕದ ಸಿಇಟಿಯಲ್ಲಿ ಸರ್ಕಾರಿ ಸೀಟು ಬೇಕೆಂದರೆ, ಸಾಮಾನ್ಯ ನಿಯಮದ ಪ್ರಕಾರ 1ರಿಂದ 12ನೇ ತರಗತಿಯೊಳಗೆ ಕನಿಷ್ಠ 7 ವರ್ಷ ಕರ್ನಾಟಕದಲ್ಲಿ ಓದಿರಬೇಕು. ಜೊತೆಗೆ 10ನೇ ಅಥವಾ 12ನೇ ತರಗತಿ ಇಲ್ಲಿಯೇ ಪಾಸಾಗಿರಬೇಕು. ಬೇರೆ ಕಲಮುಗಳೂ ಇವೆ, ಆದರೆ ಹೆಚ್ಚಿನ ಮಕ್ಕಳು ಬರುವುದು ಈ ದಾರಿಯಲ್ಲೇ. 4ನೇ ಕ್ಲಾಸು ಮುಗಿಸಿ ಹೋದ ಮಗು 10ಕ್ಕೆ ಬಂದರೆ ನಾಲ್ಕೂ ಮೂರೂ ಏಳು. ಸರಿಯಾಗಿ ಏಳು, ಒಂದು ವರ್ಷವೂ ಮಿಗುವುದಿಲ್ಲ. ಸಿಬಿಎಸ್‌ಇಯಲ್ಲಾದರೆ 9ರಲ್ಲೇ ಪರೀಕ್ಷೆಗೆ ನೋಂದಣಿ ಆಗುತ್ತದೆ. 10ಕ್ಕೆ ಶಾಲೆ ಬದಲಿಸುವುದು ತಲೆನೋವು. ಹಾಗಾಗಿ 9ಕ್ಕೇ ಬರಬೇಕು ಅಂದುಕೊಳ್ಳಿ. ಐಬಿ ಚೆಂದ, ಬ್ರಿಟಿಷ್ ಸಿಲಬಸ್ ಚೆಂದ. ಆದರೆ ನಾಲ್ಕು ವರ್ಷಕ್ಕೆ ಮರಳುವವರು ಸಿಬಿಎಸ್‌ಇ ಬಿಟ್ಟು ಬೇರೆ ಕಡೆ ನೋಡುವುದು ನನಗಂತೂ ಸರಿ ಕಾಣುವುದಿಲ್ಲ.

ಇನ್ನು ಟಿಸಿ. ದುಬೈಯ ಶಾಲೆಗೆ ಬರೀ ಟಿಸಿ ಸಾಲದು. ಶಿಕ್ಷಣ ಇಲಾಖೆಯ ಸಹಿ, ಆಮೇಲೆ ನಮ್ಮ ವಿದೇಶಾಂಗ ಸಚಿವಾಲಯದ ಮುದ್ರೆ, ಆಮೇಲೆ ಯುಎಇ ರಾಯಭಾರ ಕಚೇರಿಯದ್ದು. ಊರು ಬಿಡುವ ಮೊದಲೇ ಮಾಡಿಸಿಕೊಳ್ಳಬೇಕಿತ್ತು. ನಾವು ಮಾಡಿಸಿರಲಿಲ್ಲ. ಶಾಲೆಯವರು ಮುಚ್ಚಳಿಕೆ ಬರೆಸಿಕೊಂಡು ಗಡುವು ಕೊಟ್ಟರು. ಊರಿನಲ್ಲಿ ನಮ್ಮ ಮಾವ ಛತ್ರಿ ಹಿಡಿದುಕೊಂಡು ಕಚೇರಿಯಿಂದ ಕಚೇರಿಗೆ ಅಲೆದರು. ರಾತ್ರಿ ಫೋನ್ ಮಾಡಿ, "ಇವತ್ತು ಒಂದು ಮುದ್ರೆ ಆಯಿತು" ಅಂತ ಕ್ರಿಕೆಟ್ ಸ್ಕೋರಿನ ಹಾಗೆ ಹೇಳುತ್ತಿದ್ದರು.

ಕೊನೆಗೆ ಮಂಗಳೂರಿನಿಂದ ಬರುತ್ತಿದ್ದವರೊಬ್ಬರ ಕೈಯಲ್ಲಿ ಅದನ್ನು ಕಳಿಸಿದರು. ಜೊತೆಗೆ ಮೊಮ್ಮಗಳಿಗೆ ಅಂತ ಒಂದು ಪೊಟ್ಟಣ ಚಕ್ಕುಲಿ. ಎರಡೂ ಒಂದೇ ಚೀಲದಲ್ಲಿ. ಎಣ್ಣೆ ಹರಿದು ರಾಯಭಾರ ಕಚೇರಿಯ ಮುದ್ರೆಯ ಮೂಲೆಗೆ ಹತ್ತಿತ್ತು. ಶಾಲೆಯ ಗುಮಾಸ್ತೆ ಅದನ್ನು ಬೆಳಕಿಗೆ ಹಿಡಿದು ನೋಡಿದರು, ಒಮ್ಮೆ ಮೂಸಿ ನೋಡಿದರು, ಫೈಲಿಗೆ ಹಾಕಿಕೊಂಡರು.

ನಮಸ್ಕಾರ.