ಒಂದೇ ತಾಮ್ರ, ಬೇರೆ ಬೇರೆ ಗಟ್ಟಿ: ಎಲ್ಲಾ ಒಳಗಿನ ಹರಳುಗಳ ಆಟ

ಈ ತಾಮ್ರದ ಪಟ್ಟಿ ನೋಡಿ, ಮೊದಲ ಸಲ ಬೆರಳಲ್ಲೇ ಬಗ್ಗುತ್ತೆ, ಆದ್ರೆ ವಾಪಸ್ ನೆಟ್ಟಗೆ ಮಾಡೋಕೆ ಹೋದ್ರೆ ಬಗ್ಗಿದ ಜಾಗ ಹಾಗೇ ಉಳ್ಕೊಂಡು ಅದರ ಪಕ್ಕದಲ್ಲಿ ಬಗ್ಗುತ್ತೆ, ಯಾಕಂದ್ರೆ ಆ ಜಾಗ ಆಗಲೇ ಗಟ್ಟಿಯಾಗ್ಬಿಟ್ಟಿದೆ. ಏನೂ ಸೇರಿಸಿಲ್ಲ, ಬಗ್ಗಿಸಿದ್ದಷ್ಟೇ.

ಲೋಹ ಅಂದ್ರೆ ಹರಳುಗಳ ರಾಶಿ. ಸತು ಲೇಪಿಸಿದ ಜಿಐ ಶೀಟ್ ಮೇಲೆ ಹೂವಿನ ಥರ ಮಿನುಗೋ ತೇಪೆಗಳಿರ್ತಾವಲ್ಲ, ಒಂದೊಂದೂ ಸತುವಿನ ಒಂದೊಂದು ಹರಳು. ತಾಮ್ರ, ಸ್ಟೀಲ್‌ನಲ್ಲೂ ಹಂಗೇ, ಆದ್ರೆ ಅಲ್ಲಿ ಸಾಮಾನ್ಯವಾಗಿ ಕೆಲವೇ ಮೈಕ್ರಾನ್, ಹತ್ತಾರು ಮೈಕ್ರಾನ್ ಅಷ್ಟೇ (ಒಂದು ಮೈಕ್ರಾನ್ ಅಂದ್ರೆ ಮಿಲಿಮೀಟರಿನ ಸಾವಿರದ ಒಂದು ಭಾಗ), ಕಣ್ಣಿಗೆ ಕಾಣಲ್ಲ. ಒಂದು ಹರಳೊಳಗೆ ಪರಮಾಣುಗಳು ಒಂದೇ ದಿಕ್ಕಿಗೆ ಸಾಲಾಗಿರ್ತವೆ, ಪಕ್ಕದ ಹರಳಲ್ಲಿ ಆ ದಿಕ್ಕೇ ಬೇರೆ.

ಬಗ್ಗಿಸಿದಾಗ ಇಡೀ ಸಾಲು ಒಟ್ಟಿಗೆ ಜಾರಲ್ಲ. ಸಾಲಲ್ಲಿ ಒಂದು ಕಡೆ ತಪ್ಪಿರುತ್ತೆ, ಡಿಸ್‌ಲೊಕೇಶನ್ ಅಂತಾರೆ, ಆ ತಪ್ಪು ಒಂದೊಂದೇ ಹೆಜ್ಜೆ ಮುಂದೆ ಸರೀತಾ ಹೋಗುತ್ತೆ. 1934ರಲ್ಲಿ ಟೇಲರ್, ಒರೊವಾನ್, ಪೊಲಾನ್ಯಿ ಮೂರೂ ಜನ ವಿಜ್ಞಾನಿಗಳು ಬೇರೆ ಬೇರೆಯಾಗಿ ಇದನ್ನೇ ಹೇಳಿದ್ರು, ನಂಗೆ ಅದು ಇವತ್ತಿಗೂ ರೋಮಾಂಚನ. ಬಗ್ಗಿಸ್ತಾ ಹೋದಂಗೆ ಈ ತಪ್ಪುಗಳು ಹುಟ್ಕೊಳ್ತಾನೇ ಹೋಗ್ತವೆ, ಚೆನ್ನಾಗಿ ಕಾಯಿಸಿ ಮೆದು ಮಾಡಿದ ಲೋಹದಲ್ಲಿ ಚದರ ಸೆಂಟಿಮೀಟರಿಗೆ 10 ಲಕ್ಷದ ಆಸುಪಾಸು ಇದ್ದಿದ್ದು ಚೆನ್ನಾಗಿ ಬಡಿದ್ರೆ 10 ಸಾವಿರ ಕೋಟಿವರೆಗೂ ಹೋಗುತ್ತೆ, ಒಂದಕ್ಕೊಂದು ಸಿಕ್ಕಾಕ್ಕೊಂಡು ಯಾವುದೂ ಸುಲಭಕ್ಕೆ ಅಲ್ಲಾಡಲ್ಲ. ಲೋಹ ಗಟ್ಟಿಯಾಗೋದು ಅಂದ್ರೆ ಅದೇ.

ಹರಳಿನ ಅಂಚೂ ಈ ತಪ್ಪುಗಳನ್ನ ತಡೆಯುತ್ತೆ, ಟೋಲ್ ಗೇಟ್ ಮುಂದೆ ಲಾರಿ ನಿಂತಂಗೆ ಹಿಂದೆ ಹಿಂದೆ ಬಂದು ನಿಲ್ತವೆ. ಹರಳು ದೊಡ್ಡದಿದ್ರೆ ಕ್ಯೂ ಉದ್ದ, ಅಂಚಿನ ಮೇಲೆ ಒತ್ತಡ ಜಾಸ್ತಿ, ಪಕ್ಕದ ಹರಳೂ ಬೇಗ ಜಾರೋಕೆ ಶುರುಮಾಡುತ್ತೆ. ಚಿಕ್ಕದಿದ್ರೆ ಕ್ಯೂನೇ ಬೆಳೆಯಲ್ಲ. 1951ರಲ್ಲಿ ಹಾಲ್, 1953ರಲ್ಲಿ ಪೆಚ್, ಇಬ್ಬರೂ ಸ್ಟೀಲ್ ಮೇಲೆ ಕೆಲಸ ಮಾಡಿ ಲೆಕ್ಕ ಕೊಟ್ರು: ಹರಳಿನ ಅಗಲ ನಾಲ್ಕನೇ ಒಂದು ಭಾಗಕ್ಕಿಳಿದ್ರೆ, ಅಂಚಿಂದ ಬರೋ ಬಲದ ಪಾಲು ಎರಡರಷ್ಟಾಗುತ್ತೆ.

ಇದರಲ್ಲಿ ನಂಗೆ ತುಂಬಾ ಇಷ್ಟ ಆಗೋದು ಏನಂದ್ರೆ, ಸ್ಟೀಲಿಗೆ ಕಾರ್ಬನ್ ಜಾಸ್ತಿ ಹಾಕಿದ್ರೂ, ಬಡಿದು ಗಟ್ಟಿ ಮಾಡಿದ್ರೂ ಅದು ಸುಲಭಕ್ಕೆ ಬಿರಿಯೋ ಹಂಗಾಗುತ್ತೆ, ಹರಳು ಚಿಕ್ಕದು ಮಾಡಿದ್ರೆ ಮಾತ್ರ ಗಟ್ಟಿಯೂ ಆಗುತ್ತೆ, ಚಳಿಯಲ್ಲಿ ಬಿರಿಯೋದೂ ಕಡಿಮೆಯಾಗುತ್ತೆ. ಅದಕ್ಕೇ ಗ್ಯಾಸ್ ಪೈಪ್‌ಲೈನ್ ಸ್ಟೀಲಿಗೆ 0.1 ಪರ್ಸೆಂಟೂ ಇಲ್ಲದಷ್ಟು ನಿಯೋಬಿಯಂ ಅನ್ನೋ ಲೋಹ ಹಾಕ್ತಾರೆ, ಬಿಸಿಯಲ್ಲಿ ರೋಲ್ ಮಾಡುವಾಗ ಅದು ಹರಳು ದಪ್ಪ ಆಗೋಕೆ ಬಿಡಲ್ಲ.

ಈಗ ಈ ಎರಡು ಪಟ್ಟಿ. ಎರಡನ್ನೂ ಬಡಿದು ಕಾಯಿಸಿದೀನಿ, ಒಂದನ್ನ ಕೆಂಪಾದ ಕೂಡ್ಲೇ ತೆಗೆದೆ, ಇನ್ನೊಂದನ್ನ ಉರಿಯಲ್ಲೇ ತುಂಬಾ ಹೊತ್ತು ಬಿಟ್ಟೆ, ಅದರ ಹರಳುಗಳು ದೊಡ್ಡದಾಗಿ ಬೆಳೆದಿವೆ. ಕಾದಾಗ ಆ ತಪ್ಪುಗಳು ಕಡಿಮೆಯಾಗಿ ಎರಡೂ ಮೆದುವಾಗಿವೆ, ತಾಮ್ರದ ಪಾತ್ರೆ ಮಾಡೋರು ಬಡಿಯೋದ್ರ ನಡುನಡುವೆ ಕಾಯಿಸೋದೂ ಇದಕ್ಕೇ. ಆದ್ರೆ ಬಗ್ಗಿಸಿದ ಮೇಲೆ ಹೊರಮೈ ನೋಡಿ, ಮೊದಲನೇದು ನುಣುಪಾಗೇ ಇದೆ, ಎರಡನೇದು ಕಿತ್ತಳೆ ಸಿಪ್ಪೆ ಥರ ತರಿತರಿ. ಆ ಉಬ್ಬು ತಗ್ಗು ಒಂದೊಂದು ಹರಳು ತನ್ನ ದಿಕ್ಕಿಗೆ ಜಾರಿದ ಗುರುತು, ಉಗುರಲ್ಲಿ ಗೀರಿದ್ರೂ ಗೊತ್ತಾಗುತ್ತೆ.

ಹಂಗಂತ ಎಲ್ಲಾ ಕಡೆ ಚಿಕ್ಕದೇ ಒಳ್ಳೇದು ಅನ್ನೋ ಹಂಗಿಲ್ಲ. ಹತ್ತಿಪ್ಪತ್ತು ನ್ಯಾನೊಮೀಟರಿಗಿಂತ (ಮೈಕ್ರಾನಿನ ಸಾವಿರದ ಒಂದು ಭಾಗ ಒಂದು ನ್ಯಾನೊಮೀಟರ್) ಕೆಳಗೆ ಹೋದ್ರೆ ಅಂಚುಗಳೇ ಜಾರೋಕೆ ಶುರುವಾಗಿ ಲೆಕ್ಕ ಉಲ್ಟಾ ಹೊಡೆಯುತ್ತೆ. ಜೆಟ್ ಇಂಜಿನ್ ಒಳಗಿನ ಸುಡು ಬಿಸಿಯಲ್ಲೂ ಅಂಚುಗಳೇ ವೀಕ್ ಪಾಯಿಂಟ್, ಅದಕ್ಕೆ ಅಲ್ಲಿ ಟರ್ಬೈನ್ ಬ್ಲೇಡ್ ಒಳಗೆ ಹರಳಿನ ಅಂಚೇ ಇಲ್ಲದ ಹಾಗೆ, ಇಡೀ ಬ್ಲೇಡ್ ಒಂದೇ ಹರಳಾಗಿ ಎರಕ ಹೊಯ್ತಾರೆ.